ಹೊನ್ನಮ್ಮನೂ ಇ-ರೀಡರೂ

ಕಣ್ಣು ಮಂಜಾದ ಮೇಲೆ ನಾನೂ ಇ-ರೀಡರ್ ಹಿಡಿದೆ. 2016ರಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳನ್ನು ಸೇರಿಸಿಕೊಂಡಾಗ ಕನ್ನಡ ಅದರಲ್ಲಿರಲಿಲ್ಲ. ನಾನು ಓದುವುದು ಹಳೆಯ ಪುಸ್ತಕಗಳ ಸ್ಕ್ಯಾನ್ ಪುಟಗಳನ್ನು. ಅಕ್ಷರ ಹಿಗ್ಗಿಸಿದರೆ ಕಾದಂಬರಿಯ ಸಾಲು ಪರದೆಯಾಚೆ ಓಡುತ್ತದೆ. ಯಳಂದೂರಿನ ಸಂಚಿ ಹೊನ್ನಮ್ಮ 17ನೇ ಶತಮಾನದಲ್ಲಿ ಬರೆದ ‘ಹದಿಬದೆಯ ಧರ್ಮ’ ಹಾಗಲ್ಲ. ಸಾಂಗತ್ಯದ ನಾಲ್ಕು ಪುಟ್ಟ ಸಾಲುಗಳು ಇಡಿಯಾಗಿ ಕೂರುತ್ತವೆ. ಪದ್ಯ ಒಂಟಿಯಾಗಿ ಎದುರು ನಿಂತಾಗ, ಪತಿಸೇವೆಯ ಉಪದೇಶದ ನಡುವೆ ಹೆಣ್ಣನ್ನು ಹಳಿಯುವವರಿಗೆ ಆಕೆ ಹಾಕುವ ಪ್ರಶ್ನೆ ಇನ್ನಷ್ಟು ಚುರುಕೆನಿಸುತ್ತದೆ.

ಓದುವುದಕ್ಕೆ ಯಂತ್ರ ಸೈ. ಆದರೆ ಕೊಳ್ಳೇಗಾಲದಿಂದ ಹನೂರಿಗೆ ಹೊರಟ ಗೆಳತಿಗೆ ‘ಓದಿ ಕೊಡು’ ಎಂದು ಇದನ್ನು ಕೊಟ್ಟರೆ ನನ್ನ ಕಪಾಟೇ ಹೋದಂತೆ. ಇಂಥ ಕಾವ್ಯ ಹೆಣ್ಣುಮಕ್ಕಳ ಕೈಯಿಂದ ಕೈಗೆ ದಾಟಬೇಕು. ಅದಕ್ಕೆ ಅಚ್ಚಿನ ಪ್ರತಿಯೇ ಬೇಕು.