ಐಕಮತ್ಯವೂ ತತ್ತ್ವವಿವೇಕವೂ

1994ರ ಮಾರ್ಚ್ ತಿಂಗಳ ಕೊನೆಯಲ್ಲಿ ಅಮೆರಿಕದ ಸುವಾರ್ತಾನಿಷ್ಠ ಪ್ರೊಟೆಸ್ಟಂಟ್ ನಾಯಕರಲ್ಲಿ ಕೆಲವರೂ ರೋಮನ್ ಕಥೋಲಿಕ ವಿದ್ವಾಂಸರಲ್ಲಿ ಕೆಲವರೂ ಒಂದುಗೂಡಿ, ‘ಇವ್ಯಾಂಜೆಲಿಕಲ್ಸ್ ಅಂಡ್ ಕ್ಯಾಥೊಲಿಕ್ಸ್ ಟುಗೆದರ್’ ಎಂಬ ಹೆಸರಿನ ಘೋಷಣೆಯೊಂದನ್ನು ಲೋಕದ ಮುಂದಿಟ್ಟರು. ಮೂರನೆಯ ಸಹಸ್ರಮಾನದಲ್ಲಿ ಕ್ರೈಸ್ತಸೇವೆಯ ಸ್ವರೂಪವೇನಾಗಿರಬೇಕೆಂಬುದನ್ನು ವಿಚಾರಿಸಹೊರಟ ಈ ಘೋಷಣೆ ಗಾತ್ರದಲ್ಲಿ ಕಿರಿದು. ಆದರೆ ನಾಲ್ಕೂವರೆ ಶತಮಾನಗಳ ವಿವಾದದ ಮರ್ಮಸ್ಥಾನವನ್ನು ಅದು ಮುಟ್ಟಿದ್ದರಿಂದ, ಅದುವರೆಗೆ ಒಂದೇ ವೇದಿಕೆಯಲ್ಲಿ ಕುಳಿತು ಬೋಧಿಸುತ್ತಿದ್ದ ಮಿತ್ರರು ಅದರ ನಿಮಿತ್ತ ವಿರುದ್ಧ ಪಕ್ಷಗಳಲ್ಲಿ ನಿಲ್ಲಬೇಕಾಯಿತು. ಐಕಮತ್ಯದ ಹಂಬಲವೂ ತತ್ತ್ವವಿವೇಕದ ಹೊಣೆಯೂ ಎದುರುಬದುರಾದಾಗ ಧರ್ಮನಾಯಕರು ಹೇಗೆ ನಡೆದುಕೊಳ್ಳಬೇಕೆಂಬ ಪ್ರಶ್ನೆಯನ್ನು ಈ ನಿದರ್ಶನದ ಮೂಲಕ ಪರೀಕ್ಷಿಸುವುದು ಉಚಿತವೆಂದು ತೋರುತ್ತದೆ.

ಘೋಷಣೆಯ ಹಿಂದೆ ನಿಂತವರಲ್ಲಿ ಇಬ್ಬರು ಮುಖ್ಯರು. ಒಬ್ಬರು ಚಾರ್ಲ್ಸ್ ಕೋಲ್ಸನ್. ಅಧ್ಯಕ್ಷ ನಿಕ್ಸನ್ನರ ಸಹಾಯಕರಾಗಿದ್ದು, ವಾಟರ್‌ಗೇಟ್ ಹಗರಣದ ಕಾಲದಲ್ಲಿ ಸೆರೆವಾಸವನ್ನು ಅನುಭವಿಸಿ, ಹೊರಬಂದ ಮೇಲೆ 1976ರಲ್ಲಿ ಕೈದಿಗಳ ಸೇವೆಗಾಗಿ ಪ್ರಿಸನ್ ಫೆಲೋಷಿಪ್ ಸಂಸ್ಥೆಯನ್ನು ಕಟ್ಟಿದವರು. ಮತ್ತೊಬ್ಬರು ರಿಚರ್ಡ್ ಜಾನ್ ನ್ಯೂಹೌಸ್. ಲೂಥರನ್ ಸಭೆಯ ಪಾದ್ರಿಯಾಗಿದ್ದು, 1990ರಲ್ಲಿ ರೋಮನ್ ಸಭೆಯನ್ನು ಸೇರಿ, ಮರುವರ್ಷ ಅಲ್ಲಿ ಯಾಜಕದೀಕ್ಷೆಯನ್ನು ಪಡೆದು, ‘ಫಸ್ಟ್ ಥಿಂಗ್ಸ್’ ಪತ್ರಿಕೆಯನ್ನು ನಡೆಸುತ್ತಿದ್ದವರು. ಇವರನ್ನು ಕೂಡಿಸಿದ ಕಾರಣಗಳು ಕ್ಷುದ್ರವಾದುವಲ್ಲ. ಗರ್ಭಪಾತಕ್ಕೆ ಮನ್ನಣೆಯಿತ್ತ 1973ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ, ಹುಟ್ಟಲಿರುವ ಶಿಶುವಿನ ಪರವಾಗಿ ಬೀದಿಗಿಳಿದ ಕಥೋಲಿಕರೂ ಸುವಾರ್ತಾನಿಷ್ಠರೂ ಪರಸ್ಪರರ ಭಕ್ತಿಯನ್ನು ಹತ್ತಿರದಿಂದ ಕಂಡಿದ್ದರು. ಲ್ಯಾಟಿನ್ ಅಮೆರಿಕದಲ್ಲಾದರೋ ಹಬ್ಬುತ್ತಿದ್ದ ಪ್ರೊಟೆಸ್ಟಂಟ್ ಸಭೆಗಳಿಗೂ ಪುರಾತನ ಕಥೋಲಿಕ ಸಮಾಜಕ್ಕೂ ನಡುವೆ ದ್ವೇಷ ಬೆಳೆಯುವ ಭಯವಿದ್ದಿತು. ಕ್ರಿಸ್ತನ ಹೆಸರನ್ನು ಹೇಳುವವರು ಒಬ್ಬರನ್ನೊಬ್ಬರು ದೂಷಿಸದೆ, ಸಮಾಜದ ಹಿತಕ್ಕಾಗಿ ಕೂಡಿ ದುಡಿಯಬೇಕೆಂಬ ಆಶಯವನ್ನು ಯಾವ ಸಜ್ಜನನೂ ಆಕ್ಷೇಪಿಸಲಾರನು.

ಘೋಷಣೆಗೆ ಇನ್ನೊಂದು ಗುಣವೂ ಉಂಟು. ಭೇದಗಳನ್ನೆಲ್ಲ ಅದು ಮರೆಮಾಚಲಿಲ್ಲ. ಸತ್ಯವೇದವೊಂದೇ ಪ್ರಮಾಣವೋ, ಸಭೆಯು ಅಧಿಕಾರಪೂರ್ವಕವಾಗಿ ವ್ಯಾಖ್ಯಾನಿಸಿದ ಸತ್ಯವೇದ ಪ್ರಮಾಣವೋ. ಕರ್ತನ ಭೋಜನ ಯಜ್ಞವೋ ಸ್ಮರಣೆಯೋ. ದೀಕ್ಷಾಸ್ನಾನ ಪುನರ್ಜನ್ಮವನ್ನು ಕೊಡುವ ಸಂಸ್ಕಾರವೋ, ಆಗಲೇ ಆದ ಪುನರ್ಜನ್ಮಕ್ಕೆ ಸಾಕ್ಷಿಯೋ. ಸಭೆಯ ಸೇವಾಧಿಕಾರ ಅಪೊಸ್ತಲರ ಪರಂಪರೆಯಿಂದ ಬಂದುದೋ, ಸಕಲ ವಿಶ್ವಾಸಿಗಳ ಯಾಜಕತ್ವದಲ್ಲಿ ನೆಲೆಗೊಂಡುದೋ. ಮರಿಯಳಿಗೂ ಸಂತರಿಗೂ ಸಲ್ಲತಕ್ಕುದು ಸ್ಮರಣೆಯೋ ಭಕ್ತಿಯೋ: ಹೀಗೆ ಒಂದಾದ ಮೇಲೊಂದರಂತೆ ವಿವಾದಾಂಶಗಳನ್ನು ಅದು ಹೆಸರಿಟ್ಟು ಹೇಳಿತು. ಸಂಧಿಪತ್ರಗಳಲ್ಲಿ ಇಂಥ ನೇರವಾದ ಮಾತು ಸುಲಭವಾಗಿ ಸಿಕ್ಕುವುದಲ್ಲ. ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಬೇಕು.

ಆದರೆ ಆ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದವನಿಗೆ ಅದರಲ್ಲಿ ಇಲ್ಲದ ವಿಷಯವೇ ಎದ್ದು ಕಾಣುತ್ತದೆ. ಪಾಪಿಯಾದ ಮನುಷ್ಯನು ದೇವರ ಸನ್ನಿಧಿಯಲ್ಲಿ ನೀತಿವಂತನೆಂಬ ನಿರ್ಣಯವನ್ನು ಹೊಂದುವುದು ಹೇಗೆ ಎಂಬ ಪ್ರಶ್ನೆ, ಯಾವುದರ ನಿಮಿತ್ತ ಪಾಶ್ಚಾತ್ಯ ಸಭೆ ಇಬ್ಭಾಗವಾಯಿತೋ ಆ ಪ್ರಶ್ನೆ, ಭೇದಗಳ ಸಾಲಿನಲ್ಲಿ ಕುಳಿತಿಲ್ಲ. ಒಮ್ಮತದ ಸಾಲಿನಲ್ಲಿ ಕುಳಿತಿದೆ. ಕ್ರಿಸ್ತನ ದೆಸೆಯಿಂದ, ಕೃಪೆಯಿಂದ, ನಂಬಿಕೆಯ ಮೂಲಕ ಮನುಷ್ಯನು ನೀತಿವಂತನೆನಿಸುವನೆಂದು ಉಭಯಪಕ್ಷದವರೂ ಕೂಡಿ ಸಾರಿದರು. ಪ್ರೊಟೆಸ್ಟಂಟ್ ಸುಧಾರಣೆಯ ನಾಯಕನಾದ ಲೂಥರ್ ಯಾವ ‘ಮಾತ್ರ’ಕ್ಕಾಗಿ ಬಹಿಷ್ಕಾರವನ್ನು ಸಹಿಸಿದನೋ, ನಂಬಿಕೆಯಿಂದ ಮಾತ್ರವೇ ಎಂಬ ಆ ನಿಶ್ಚಯ ಅಲ್ಲಿ ಕಾಣಿಸಲಿಲ್ಲ, ಅದು ಇಲ್ಲವೆಂಬುದನ್ನು ತಿಳಿಸುವ ಮಾತೂ ಇರಲಿಲ್ಲ. ಘೋಷಣೆಯ ನಿಜವಾದ ದೋಷ ಇದು. ಭೇದವಿದೆಯೆಂದು ಹೇಳುವುದು ಒಂದು ಪ್ರಾಮಾಣಿಕತೆ, ಭೇದ ತೀರಿತೆಂದು ಕಾರಣಸಹಿತವಾಗಿ ತೋರಿಸುವುದು ಮತ್ತೊಂದು ಪ್ರಾಮಾಣಿಕತೆ; ಎರಡನ್ನೂ ಮಾಡದೆ, ಇಬ್ಬರೂ ತಮ್ಮತಮ್ಮ ಅರ್ಥದಲ್ಲಿ ಓದಿಕೊಳ್ಳಬಹುದಾದ ವಾಕ್ಯವೊಂದಕ್ಕೆ ಇಬ್ಬರಿಂದಲೂ ಸಹಿ ಹಾಕಿಸುವುದು ಪ್ರಾಮಾಣಿಕತೆಯೆನಿಸದು.

ಇಬ್ಬರ ಅರ್ಥಗಳೂ ಬೇರೆಯೆಂಬುದು ವಿಮರ್ಶಕನ ಕಲ್ಪನೆಯಲ್ಲ. 1547ರ ಜನವರಿಯಲ್ಲಿ ರೋಮನ್ ಸಭೆಯ ಟ್ರೆಂಟಿನ ಮಹಾಸಭೆ ತನ್ನ ಆರನೆಯ ಅಧಿವೇಶನದಲ್ಲಿ ಈ ವಿಷಯವನ್ನು ಕುರಿತು 33 ವಿಧಿಗಳನ್ನು ವಿಧಿಸಿ, ಕೃಪೆಯೊಡನೆ ಸಹಕರಿಸುವುದೇನೂ ಬೇಡ, ನಂಬಿಕೆಯೊಂದರಿಂದಲೇ ನೀತಿ ಲಭಿಸುವುದೆಂಬ ಬೋಧನೆಯನ್ನು ಒಂಬತ್ತನೆಯ ವಿಧಿಯಲ್ಲಿ ಶಾಪಗ್ರಸ್ತವೆಂದು ಸಾರಿತು. ಅದಕ್ಕೆ ಆರು ವರ್ಷಗಳ ಹಿಂದೆ, ಚಕ್ರವರ್ತಿ ಐದನೆಯ ಚಾರ್ಲ್ಸನು ಕೂಡಿಸಿದ ರೇಗನ್ಸ್‌ಬರ್ಗಿನ ಸಂವಾದದಲ್ಲಿ, ಕಥೋಲಿಕರ ಕಡೆ ಎಕ್ ಮೊದಲಾದವರು, ಪ್ರೊಟೆಸ್ಟಂಟರ ಕಡೆ ಮೆಲಾಂಕ್ಥನ್ ಮತ್ತು ಬೂಸರ್, ಪೋಪರ ಪ್ರತಿನಿಧಿಯಾಗಿ ಶಾಂತಿಪ್ರಿಯನಾದ ಕೊಂತಾರಿನಿ, ಇವರೆಲ್ಲ ಕುಳಿತು ಇದೇ ವಿಷಯದಲ್ಲಿ ಒಂದು ಸೂತ್ರವನ್ನು ಸಿದ್ಧಪಡಿಸಿದ್ದರು. ಸಂಧಾನಕಾರರು ಸಂತೋಷಪಟ್ಟರು, ರೋಮ್ ಅದನ್ನು ಒಪ್ಪಲಿಲ್ಲ, ಲೂಥರನು ಅದನ್ನು ನಂಬಲಿಲ್ಲ. ಸೂತ್ರ ಮಾಡಿದವರ ಸದ್ಭಾವ ಸೂತ್ರದ ಸಂದಿಗ್ಧತೆಯನ್ನು ತುಂಬಿಕೊಡಲಾರದೆಂಬ ಪಾಠವನ್ನು 1541 ಕಲಿಸಿತ್ತು. 1994ರಲ್ಲಿ ಅದನ್ನು ಮತ್ತೆ ಕಲಿಯಬೇಕಾಯಿತು.

ಸಹಿ ಹಾಕಿದವರಲ್ಲಿ ಅತ್ಯಂತ ಗಂಭೀರ ಚಿಂತಕರಾದ ಜೆ. ಐ. ಪ್ಯಾಕರರ ಸಮರ್ಥನೆಯನ್ನು ಇಲ್ಲಿ ನ್ಯಾಯವಾಗಿ ತೂಗಬೇಕು. ಪ್ಯೂರಿಟನ್ ಗ್ರಂಥಗಳನ್ನು ಆಳವಾಗಿ ವ್ಯಾಸಂಗಮಾಡಿದ, 1973ರ ‘ನೋಯಿಂಗ್ ಗಾಡ್’ ಗ್ರಂಥದಿಂದ ಲೋಕವಿಖ್ಯಾತರಾದ ಈ ಆಂಗ್ಲಿಕನ್ ಪಂಡಿತರು ರೋಮನ್ ಸಭೆಯ ಅಧಿಕಾರವಾದವನ್ನು ತಾವು ಒಪ್ಪಲಾರೆವೆಂದು ಸ್ಪಷ್ಟವಾಗಿಯೇ ಹೇಳಿದರು. ಆದರೆ ಮನುಷ್ಯನು ರಕ್ಷಣೆಹೊಂದುವುದು ಕ್ರಿಸ್ತನಲ್ಲಿ ಭರವಸೆಯಿಡುವುದರಿಂದಲೇ ಹೊರತು ಆ ಭರವಸೆಯನ್ನು ಕುರಿತ ನಿರ್ದುಷ್ಟ ಸಿದ್ಧಾಂತದಿಂದಲ್ಲವೆಂಬುದು ಅವರ ವಾದ. ವ್ಯಕ್ತಿಗಳ ವಿಷಯದಲ್ಲಿ ಇದು ಸತ್ಯ, ಮತ್ತು ಕರುಣೆಯ ಮಾತು. ತರ್ಕವರಿಯದ ಎಷ್ಟೋ ಮುಗ್ಧಭಕ್ತರು ಪಂಡಿತರಿಗಿಂತ ದೇವರಿಗೆ ಹತ್ತಿರವಾಗಿದ್ದಾರು. ಆದರೆ ಒಬ್ಬ ವಿಶ್ವಾಸಿಯ ಹೃದಯವನ್ನು ಕುರಿತ ಈ ಔದಾರ್ಯವನ್ನು ಸಾರ್ವಜನಿಕ ಬೋಧನಾಪತ್ರವೊಂದಕ್ಕೆ ಅಳತೆಗೋಲಾಗಿ ಹಿಡಿಯಲಾಗದು. ಹೃದಯವನ್ನು ಬಲ್ಲವನು ದೇವರೊಬ್ಬನೇ. ಬೋಧನೆಯನ್ನಾದರೋ ಕೇಳುವವರು ಜನ, ಮತ್ತು ಕೇಳಿದುದನ್ನು ನಂಬಿ ಅವರು ನಡೆಯುತ್ತಾರೆ.

ವಿರೋಧಿಸಿದ ಪ್ರೊಟೆಸ್ಟಂಟ್ ಬೋಧಕರಲ್ಲಿ ಆರ್. ಸಿ. ಸ್ಪ್ರೌಲ್ ಮತ್ತು ಜಾನ್ ಮೆಕಾರ್ಥರ್ ಪ್ರಮುಖರು. ಸತ್ಯವೇದದ ನಿರ್ದುಷ್ಟತೆಯನ್ನು ಸಮರ್ಥಿಸಿದ 1978ರ ಷಿಕಾಗೋ ಹೇಳಿಕೆಯಲ್ಲಿ ಪ್ಯಾಕರರ ಜೊತೆಗಾರರಾಗಿದ್ದ ಸ್ಪ್ರೌಲರು 1995ರಲ್ಲಿ ‘ಫೇತ್ ಅಲೋನ್’ ಎಂಬ ಗ್ರಂಥವನ್ನೇ ಬರೆದು ಮಿತ್ರರ ನಿಲುವನ್ನು ಖಂಡಿಸಿದರು. ಸ್ನೇಹವನ್ನು ಸತ್ಯಕ್ಕಿಂತ ಮೇಲೆ ಇಡದ ಆ ಧೈರ್ಯ ಶ್ಲಾಘನೀಯ. ಆದರೂ ವಿರೋಧಪಕ್ಷದ ಕೆಲವು ಬರಹಗಳಲ್ಲಿ, ಎದುರಾಳಿ ತಪ್ಪಿದನೆಂಬ ನಿರ್ಣಯದಿಂದ ಎದುರಾಳಿ ದ್ರೋಹಿಯೆಂಬ ನಿರ್ಣಯಕ್ಕೆ ಜಾರುವ ಆತುರವಿದ್ದುದನ್ನೂ ಹೇಳದಿರಲಾಗದು. ವಿವೇಕವೆಂಬುದು ದೋಷವನ್ನು ಕಾಣುವ ಶಕ್ತಿ ಮಾತ್ರವಲ್ಲ. ದೋಷದ ಪ್ರಮಾಣವನ್ನು ಅರಿಯುವ ಶಕ್ತಿಯೂ ಹೌದು.

1995ರ ಜನವರಿಯಲ್ಲಿ ಫ್ಲೋರಿಡಾದಲ್ಲಿ ಉಭಯಪಕ್ಷದ ಪ್ರೊಟೆಸ್ಟಂಟರು ಮುಖಾಮುಖಿ ಕುಳಿತರು. ಸಹಕಾರವೆಂದರೆ ರೋಮನ್ ಸಿದ್ಧಾಂತಗಳ ಅಂಗೀಕಾರವಲ್ಲವೆಂದೂ, ನಂಬಿಕೆಯಿಂದ ಮಾತ್ರವೇ ನೀತಿಯೆಂಬ ಬೋಧನೆಗೆ ತಾವು ಬದ್ಧರೆಂದೂ ಕೋಲ್ಸನ್, ಪ್ಯಾಕರ್ ಮೊದಲಾದವರು ವಿವರಣೆಯಿತ್ತರು. ಈ ವಿವರಣೆ ಪ್ರೊಟೆಸ್ಟಂಟರದು ಮಾತ್ರ. ಮೂಲದ ಒಮ್ಮತದ ವಾಕ್ಯ ಇದ್ದಂತೆಯೇ ಉಳಿಯಿತು. ಅದೇ ವರ್ಷ ದಕ್ಷಿಣ ಬ್ಯಾಪ್ಟಿಸ್ಟರ ಇಬ್ಬರು ಅಧಿಕಾರಿಗಳು ತಮ್ಮ ಹೆಸರುಗಳನ್ನು ಹಿಂತೆಗೆದುಕೊಂಡರು. 1997ರಲ್ಲಿ ‘ದಿ ಗಿಫ್ಟ್ ಆಫ್ ಸಾಲ್ವೇಷನ್’ ಎಂಬ ಎರಡನೆಯ ಲೇಖನ ಹೊರಟಿತು. ಸುಧಾರಕರು ‘ನಂಬಿಕೆಯಿಂದ ಮಾತ್ರ’ ಎಂದುದರ ತಾತ್ಪರ್ಯವನ್ನು ತಾವು ಒಪ್ಪುವೆವೆಂದು ಅದರಲ್ಲಿ ಹೇಳಿದುದು ದೊಡ್ಡ ಮುನ್ನಡೆಯೇ ಸರಿ. ಆದರೆ ಕ್ರಿಸ್ತನ ನೀತಿ ವಿಶ್ವಾಸಿಯ ಲೆಕ್ಕಕ್ಕೆ ಸಲ್ಲುವ ವಿಚಾರ, ಶುದ್ಧೀಕರಣಸ್ಥಳ, ದಂಡವಿನಾಯಿತಿಗಳು ಮುಂದೆ ಚರ್ಚಿಸತಕ್ಕ ವಿಷಯಗಳ ಸಾಲಿನಲ್ಲಿಯೇ ಉಳಿದುವು. ತಾತ್ಪರ್ಯವನ್ನು ಒಪ್ಪಿ ಅದರ ಆಧಾರವನ್ನು ಮುಂದಕ್ಕೆ ಹಾಕುವುದು ಅಡಿಗಲ್ಲಿಲ್ಲದೆ ಗೋಡೆಯನ್ನೆಬ್ಬಿಸಿದಂತೆ.

ಈ ಸಂದಿಗ್ಧತೆ ಪಂಡಿತರ ಕೋಣೆಯೊಳಗೇ ನಿಲ್ಲುವಂಥದೂ ಅಲ್ಲ. ಒಂದು ಕ್ರೈಸ್ತ ಸಮುದಾಯದ ಸಕ್ರಿಯ ಸದಸ್ಯರನ್ನು ಇನ್ನೊಂದು ಸಮುದಾಯ ತನ್ನ ಕಡೆಗೆ ಸೆಳೆಯುವುದು ಸಲ್ಲದೆಂದು 1994ರ ಘೋಷಣೆ ಹೇಳಿತು. ಬಲಾತ್ಕಾರವನ್ನೂ ನಿಂದೆಯನ್ನೂ ತಡೆಯುವ ಮಟ್ಟಿಗೆ ಇದು ಹಿತವಚನ. ಆದರೆ ಸುವಾರ್ತೆಯ ತಿರುಳು ಎರಡೂ ಕಡೆ ಒಂದೇ ಎಂಬುದು ಸಿದ್ಧವಾಗದೆ ಈ ಸಂಯಮಕ್ಕೆ ನೆಲೆಯಿಲ್ಲ. ಲಿಮಾದಲ್ಲಿಯೋ ಸಾವೊ ಪಾವ್ಲೊದಲ್ಲಿಯೋ ದುಡಿಯುವ ಸಾಮಾನ್ಯ ಬೋಧಕನು, ತಾನು ಸಾರುತ್ತ ಬಂದುದು ಅವಶ್ಯವೋ ಅಲ್ಲವೋ ಎಂದು ಕೇಳಿದರೆ, ಘೋಷಣೆಯಲ್ಲಿ ಅವನಿಗೆ ಉತ್ತರವಿಲ್ಲ.

ಐಕ್ಯವನ್ನು ಬೇರೆ ರೀತಿಯಿಂದಲೂ ಸಾಧಿಸಬಹುದೆಂಬುದಕ್ಕೆ ನಮ್ಮ ನೆರೆಯಲ್ಲೇ ನಿದರ್ಶನವಿದೆ. 1919ರಲ್ಲಿ ತರಂಗಂಬಾಡಿಯಲ್ಲಿ ಮೊಳೆತ ಮಾತುಕತೆ 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಮಹಾದೇವಾಲಯದಲ್ಲಿ ದಕ್ಷಿಣ ಭಾರತ ಸಭೆಯಾಗಿ ಫಲಿಸಿತು. ಅನೇಕ ಕನ್ನಡ ಕ್ರೈಸ್ತರಿಗೂ ಅದು ಮನೆಯಾಯಿತು. ಆಂಗ್ಲಿಕನರ ಬಿಷಪ್ ಪದವಿ, ಕೂಡಿಬಂದ ಇತರ ಪ್ರೊಟೆಸ್ಟಂಟ್ ಸಭೆಗಳ ಪಾದ್ರಿದೀಕ್ಷೆ, ಇವೆರಡರ ತೊಡಕನ್ನು ಅಲ್ಲಿ ಮಾತಿನ ಚಾತುರ್ಯದಿಂದ ಮುಚ್ಚಲಿಲ್ಲ. ಅದು ತೀರದೆ ಉಳಿದಿದೆಯೆಂದು ಒಪ್ಪಿ, ಮೂವತ್ತು ವರ್ಷಗಳ ಅವಧಿಯನ್ನು ಗೊತ್ತುಮಾಡಿ, ಕೂಡಿ ಬಾಳುತ್ತಲೇ ಅದನ್ನು ತೀರಿಸಿಕೊಳ್ಳಲು ನಿಶ್ಚಯಿಸಿದರು. ಆ ಐಕ್ಯಕ್ಕೂ ಆಕ್ಷೇಪಕರಿದ್ದರು; ಆದರೆ ತೊಡಕಿಗೆ ತೊಡಕೆಂಬ ಹೆಸರೇ ಇದ್ದಿತು.

ಕೈದಿಗಳ ಸೇವೆಯಲ್ಲಿ, ಶಿಶುಗಳ ರಕ್ಷಣೆಯಲ್ಲಿ, ನೊಂದವರ ಪೋಷಣೆಯಲ್ಲಿ ಕೂಡಿ ದುಡಿಯಲು ಕೋಲ್ಸನ್ನರಿಗೂ ನ್ಯೂಹೌಸರಿಗೂ ನೀತಿನಿರ್ಣಯವನ್ನು ಕುರಿತ ಒಮ್ಮತ ಬೇಕಿರಲೇ ಇಲ್ಲ. ನೆರೆಯವನನ್ನು ಪ್ರೀತಿಸೆಂಬ ಆಜ್ಞೆಯೇ ಅದಕ್ಕೆ ಸಾಕಾಗಿತ್ತು. ಇಲ್ಲದ ಒಮ್ಮತವನ್ನು ಅದಕ್ಕೆ ಜೋಡಿಸಿದ್ದರಿಂದ ಸಹಕಾರ ಬಲಗೊಳ್ಳಲಿಲ್ಲ, ಸಂಶಯಕ್ಕೆ ಗುರಿಯಾಯಿತು. ಸಹಕಾರದ ಮೇರೆಯನ್ನೂ ಒಡಂಬಡಿಕೆಯ ಮೇರೆಯನ್ನೂ ಬೇರೆಬೇರೆಯಾಗಿ ಗುರುತಿಸಿ, ಮೊದಲನೆಯದರಲ್ಲಿ ಉದಾರರಾಗಿಯೂ ಎರಡನೆಯದರಲ್ಲಿ ನಿಷ್ಠುರರಾಗಿಯೂ ನಡೆಯುವುದು ನಾಯಕರ ಧರ್ಮ. ಹಾಗೆ ನಡೆದವರು ಐಕ್ಯವನ್ನು ತಡಮಾಡಿದರೆಂಬ ನಿಂದೆಯನ್ನು ಸಹಿಸಬೇಕಾದೀತು. ಆದರೆ ಅವರ ಸಹಿಯನ್ನು ನಂಬಿದ ಜನ ಮೋಸಹೋಗುವುದಿಲ್ಲ, ಮತ್ತು ಎಂದಾದರೂ ಐಕ್ಯ ಒದಗಿದರೆ ಅದನ್ನು ಮತ್ತೆ ಬಿಚ್ಚಿ ವಿವರಿಸಬೇಕಾದ ದುಃಸ್ಥಿತಿ ಬರುವುದಿಲ್ಲ.