ತಲೆದಂಡ ಕೊಟ್ಟವರು, ಲೆಕ್ಕ ಕೊಡದವರು

2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಮೇಲೆರಗಿದ ಹತ್ತು ಮಂದಿ ಹಂತಕರು 166 ಜೀವಗಳನ್ನು ಬಲಿ ತೆಗೆದುಕೊಂಡರು. ತಾಜ್ ಹೋಟೆಲಿನ ಹೊಗೆ ಆರುವ ಮೊದಲೇ ದೇಶದಲ್ಲಿ ಒಂದೇ ಕೂಗು ಎದ್ದಿತು: ಯಾರದ್ದಾದರೂ ತಲೆದಂಡವಾಗಲಿ. ಆಯಿತು. ನವೆಂಬರ್ 30ರಂದು ಕೇಂದ್ರ ಗೃಹಸಚಿವ ಶಿವರಾಜ್ ಪಾಟೀಲ್ ರಾಜೀನಾಮೆ ಕೊಟ್ಟರು. ಮರುದಿನ ಮಹಾರಾಷ್ಟ್ರದ ಗೃಹಸಚಿವ ಆರ್.ಆರ್. ಪಾಟೀಲ್. ದೊಡ್ಡ ಊರುಗಳಲ್ಲಿ ಇಂಥ ಸಣ್ಣಪುಟ್ಟದ್ದು ಆಗುತ್ತಲೇ ಇರುತ್ತದೆ ಎಂಬರ್ಥದ ಮಾತಾಡಿ ಅವರು ಜನರ ಸಿಟ್ಟಿಗೆ ತುತ್ತಾಗಿದ್ದರು. ಸಿನಿಮಾ ನಿರ್ದೇಶಕರೊಬ್ಬರನ್ನು ಜೊತೆಗೆ ಕರೆದುಕೊಂಡು ತಾಜ್ ನೋಡಲು ಹೋಗಿದ್ದ ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್ ಕೂಡಾ ಕುರ್ಚಿ ಬಿಡಬೇಕಾಯಿತು.

ಇಂಥ ಹೊತ್ತಿನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರನ್ನು ನೆನೆಯುವುದು ನಮಗೆ ರೂಢಿ. 1956ರ ಅರಿಯಲೂರು ರೈಲು ದುರಂತದ ಹೊಣೆ ಹೊತ್ತು ಅವರು ರೈಲ್ವೆ ಖಾತೆ ತೊರೆದರು. ಮರುವರ್ಷವೇ ಸಂಪುಟಕ್ಕೆ ಮರಳಿದರೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಮರಳಿದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ರಾಜೀನಾಮೆಯಿಂದ ಒಬ್ಬ ಮನುಷ್ಯನ ಮರ್ಯಾದೆ ಉಳಿಯಬಹುದು. ಕೊಚ್ಚಿಹೋದ ಹಳಿ ಸರಿಹೋಗುವುದಿಲ್ಲ.

ಮುಂಬಯಿಯ ಮೂವರ ಕಥೆಯನ್ನೇ ನೋಡಿ. 2009ರ ಮೇ ತಿಂಗಳಲ್ಲಿ ದೇಶಮುಖ್ ಕೇಂದ್ರ ಸಚಿವರಾದರು. ಅದೇ ವರ್ಷ ಚುನಾವಣೆ ಮುಗಿದ ಮೇಲೆ ಆರ್.ಆರ್. ಪಾಟೀಲರು ಮತ್ತೆ ಅದೇ ಗೃಹ ಖಾತೆಯಲ್ಲಿ ಕುಳಿತರು. 2010ರಲ್ಲಿ ಶಿವರಾಜ್ ಪಾಟೀಲ್ ಪಂಜಾಬಿನ ರಾಜ್ಯಪಾಲರಾದರು. ಗೇಟ್‌ವೇ ಆಫ್ ಇಂಡಿಯಾದೆದುರು ಮೇಣದಬತ್ತಿ ಹಿಡಿದು ನಿಂತವರು ಆ ಹೊತ್ತಿಗೆ ಮನೆ ಸೇರಿದ್ದರು.

ಕೇಳಬೇಕಾಗಿದ್ದ ಪ್ರಶ್ನೆಗಳು ಬೇರೆಯೇ ಇದ್ದವು. ಸಮುದ್ರದ ದಾರಿಯಲ್ಲಿ ದಾಳಿ ನಡೆಯಬಹುದೆಂಬ ಮುನ್ಸೂಚನೆ ಯಾರ ಮೇಜಿನ ಮೇಲೆ ಉಳಿಯಿತು? ಕಮಾಂಡೋಗಳಿದ್ದದ್ದು ದಿಲ್ಲಿಯ ಬಳಿಯ ಮಾನೇಸರದಲ್ಲಿ, ಅವರನ್ನು ಒಯ್ಯಬೇಕಾದ ವಿಮಾನವಿದ್ದದ್ದು ಚಂಡೀಗಢದಲ್ಲಿ. ಈ ಏರ್ಪಾಡು ಮಾಡಿದವರು ಯಾರು? ಎ.ಕೆ. 47 ಹಿಡಿದಿದ್ದ ಕಸಬ್‌ನೆದುರು ತುಕಾರಾಂ ಓಂಬ್ಳೆಯವರ ಕೈಯಲ್ಲಿ ಲಾಠಿಗಿಂತ ಹೆಚ್ಚಿನದೇನೂ ಯಾಕಿರಲಿಲ್ಲ? ಲೋಪಗಳನ್ನು ಪರಿಶೀಲಿಸಲು ನೇಮಿಸಿದ ರಾಮ್ ಪ್ರಧಾನ್ ಸಮಿತಿ 2009ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಅದನ್ನು ಶಾಸಕರ ಮುಂದಿಡಲು ಸರಕಾರಕ್ಕೆ ತಿಂಗಳುಗಟ್ಟಲೆ ಮನಸ್ಸು ಬರಲಿಲ್ಲ. ಕುರ್ಚಿಗಳು ಖಾಲಿಯಾದಾಗ ಚಪ್ಪಾಳೆ ತಟ್ಟಿದ ನಾವು ವರದಿಗಾಗಿ ಬೀದಿಗಿಳಿಯಲಿಲ್ಲ.

ಇರಾಕಿನಲ್ಲಿ ಪ್ರಾಣಿಯೊಂದು ಎಡವಿ ಬಿದ್ದರೂ ಅಲ್ಲಿನ ದಾರಿಯನ್ನು ಯಾಕೆ ಸಮ ಮಾಡಲಿಲ್ಲವೆಂದು ಅಲ್ಲಾಹನು ತನ್ನನ್ನು ಕೇಳಿಯಾನೆಂದು ಹಝ್ರತ್ ಉಮರ್ ಹೆದರುತ್ತಿದ್ದರೆಂಬುದನ್ನು ಶುಕ್ರವಾರದ ಖುತುಬಾಗಳಲ್ಲಿ ಎಷ್ಟು ಸಲ ಕೇಳಿಲ್ಲ ನಾವು! ಹೇಳುವವರೂ ಕೇಳುವವರೂ ಖಲೀಫರ ವಿನಯಕ್ಕೆ ತಲೆದೂಗಿ ಏಳುತ್ತೇವೆ. ಅಲ್ಲಿ ಮಾತಿರುವುದು ದಾರಿಯ ಬಗ್ಗೆ, ಪ್ರಾಣಿ ಬೀಳುವುದಕ್ಕೆ ಮುಂಚಿನ ಕೆಲಸದ ಬಗ್ಗೆ.

ಆ ದಿನಗಳಲ್ಲಿ ಇನ್ನೊಂದು ತಲೆದಂಡವೂ ಆಯಿತು. ಅದನ್ನು ಕೇಳಿದವರು ಯಾರೆಂದು ಬೆರಳು ಮಾಡಿ ತೋರಿಸುವುದು ಕಷ್ಟ. ಕೊಟ್ಟವರು ನಾವು, ಮುಸ್ಲಿಮರು. ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ ಗುಂಡಿಗೆ ಬಿದ್ದ ಐವತ್ತಕ್ಕೂ ಹೆಚ್ಚು ಮಂದಿಯಲ್ಲಿ ಮುಸ್ಲಿಮರು ಬಹಳಷ್ಟಿದ್ದರು. ಟಿ.ವಿ. ಕ್ಯಾಮರಾಗಳಿಗೆ ತಾಜ್ ಕಂಡಷ್ಟು ಆ ಪ್ಲಾಟ್‌ಫಾರ್ಮ್ ಕಾಣಲಿಲ್ಲ, ಆ ಮಾತು ಬಿಡಿ. ತಮ್ಮವರನ್ನೇ ಕಳೆದುಕೊಂಡ ಸಮುದಾಯ ಡಿಸೆಂಬರ್‌ನ ಬಕ್ರೀದ್ ಹಬ್ಬದಂದು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಈದ್ಗಾಕ್ಕೆ ನಡೆಯಿತು. ಅದು ದುಃಖವೂ ಹೌದು, ಸಾಬೀತೂ ಹೌದು. ದುಃಖಕ್ಕಷ್ಟೇ ಕಟ್ಟಿಕೊಳ್ಳುವ ನೆಮ್ಮದಿ ನಮಗಿರಲಿಲ್ಲ.

ಸತ್ತ ಒಂಬತ್ತು ಹಂತಕರಿಗೆ ಮರೀನ್ ಲೈನ್ಸ್‌ನ ಬಡಾ ಖಬರಸ್ತಾನದಲ್ಲಿ ಜಾಗ ಕೊಡುವುದಿಲ್ಲವೆಂದು ಅದನ್ನು ನೋಡಿಕೊಳ್ಳುವ ಜಾಮಾ ಮಸೀದಿ ಟ್ರಸ್ಟ್ ಹೇಳಿತು. ಅಮಾಯಕರನ್ನು ಕೊಂದವರು ನಮ್ಮವರಲ್ಲ ಎಂಬ ಆ ಮಾತಿನ ಹಿಂದಿನ ಸಿಟ್ಟು ನಿಜವಾದದ್ದು, ನಮ್ಮದೂ ಕೂಡಾ. ಆದರೂ ಒಂದು ಮುಳ್ಳು ಒಳಗೇ ಉಳಿದಿದೆ. ಮಯ್ಯಿತ್ತನ್ನು ದಫನ ಮಾಡುವುದು ಬದುಕಿರುವವರ ಮೇಲಿನ ಫರ್ಝ್ ಕಿಫಾಯ. ಪಾಪಿಯ ಲೆಕ್ಕ ಅಲ್ಲಾಹನದು, ಮಣ್ಣು ಮಾಡುವ ಕೆಲಸ ನಮ್ಮದು. ಆ ಕೆಲಸಕ್ಕೆ ಒಲ್ಲೆನೆಂದು ಹೇಳಿಸಿದ್ದರಲ್ಲಿ ಸಿಟ್ಟಿನ ಪಾಲೆಷ್ಟು, ಭಯದ ಪಾಲೆಷ್ಟು? ಮುಂಬಯಿಯ ದಡ ಕಾಯಬೇಕಾಗಿದ್ದವರು ಯಾರೂ ಹೀಗೆ ತಮ್ಮ ನಿಷ್ಠೆಗೆ ಸಾಕ್ಷಿ ಒದಗಿಸಬೇಕಾಗಿ ಬರಲಿಲ್ಲ.

ಹೆಣಗಳು ಜೆ.ಜೆ. ಆಸ್ಪತ್ರೆಯ ಶವಾಗಾರದಲ್ಲಿ ವರ್ಷಕ್ಕೂ ಹೆಚ್ಚು ಕಾಲ ಬಿದ್ದಿದ್ದವು. ಜನವರಿಯಲ್ಲೇ ಅವನ್ನು ಗುಟ್ಟಾಗಿ ಹೂಳಲಾಗಿದೆಯೆಂದು ವಿಧಾನಮಂಡಲಕ್ಕೆ ತಿಳಿಸಿದ್ದು 2010ರ ಏಪ್ರಿಲ್‌ನಲ್ಲಿ. ತಿಳಿಸಿದವರು ಗೃಹಸಚಿವ ಆರ್.ಆರ್. ಪಾಟೀಲ್.