ಎರಡು ಬೆಳ್ಳಿ, ಒಂದು ದುಡಿ

ಕಾದಂಬರಿ ಚೆನ್ನಾಗಿತ್ತೋ ಸಿನಿಮಾ ಚೆನ್ನಾಗಿತ್ತೋ ಎಂಬ ಮಾತು ಕನ್ನಡದಲ್ಲಿ ಐವತ್ತು ವರ್ಷದಿಂದ ನಡೆದೇ ಇದೆ. ಓದಿದವರು ಮೂಗು ಮುರಿಯುತ್ತಾರೆ, ನೋಡಿದವರು ಕಣ್ಣೊರೆಸಿಕೊಳ್ಳುತ್ತಾರೆ. ಅಲ್ಲಿಗೆ ವಿಮರ್ಶೆ ಮುಗೀತು. ನಮ್ಮ ಪ್ರಶ್ನೆ ಅದಲ್ಲ. ಒಂದು ಕೃತಿ ಅಕ್ಷರದಿಂದ ತೆರೆಗೆ ದಾಟುವಾಗ ಅದರೊಳಗಿದ್ದ ಹೊಲಗೇರಿ ಏನಾಯಿತು? ದಾಟಿತೋ, ದಡದಲ್ಲೇ ಉಳಿಯಿತೋ? ದಾಟಿದ್ದರೆ ಯಾರ ಹೆಗಲ ಮೇಲೆ ಕೂತು ದಾಟಿತು?

ಈ ವರ್ಷ ‘ಸಂಸ್ಕಾರ’, ‘ಚೋಮನ ದುಡಿ’, ‘ಕಾಡು’ ಮೂರನ್ನೂ ಮತ್ತೆ ಓದಿ, ಮೂರು ಚಿತ್ರಗಳನ್ನೂ ಹಿಂದೆ ಹಿಂದೆಯೇ ನೋಡಿದ್ದರಿಂದ ಹುಟ್ಟಿದ ಮಾತುಗಳಿವು. ಕನ್ನಡದ ಹೊಸ ಅಲೆಯ ಸಿನಿಮಾ ಎಂದು ನಾವು ಕರೆಯುವುದು ಬಹುಪಾಲು ಹುಟ್ಟಿದ್ದೇ ಕಾದಂಬರಿಗಳ ಹೊಟ್ಟೆಯಿಂದ. ಆದ್ದರಿಂದ ಕಾದಂಬರಿ ಕಾಣದ್ದನ್ನು ಸಿನಿಮಾ ಕಂಡೀತು ಎಂದು ನಿರೀಕ್ಷಿಸುವುದು ಕಷ್ಟ. ಕಾದಂಬರಿ ಕಂಡದ್ದನ್ನೂ ಸಿನಿಮಾ ಕಾಣದೆ ಹೋದರೆ ಮಾತ್ರ ಕೇಳಲೇಬೇಕಾಗುತ್ತದೆ.

‘ಸಂಸ್ಕಾರ’ದಿಂದಲೇ ತೊಡಗುತ್ತೇನೆ. ಅನಂತಮೂರ್ತಿಯವರ ಕಾದಂಬರಿ ಬಂದದ್ದು 1965ರಲ್ಲಿ, ಪಟ್ಟಾಭಿರಾಮ ರೆಡ್ಡಿಯವರ ಚಿತ್ರ 1970ರಲ್ಲಿ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಅವನ ಹೆಣ ಎತ್ತುವವರು ಯಾರು? ಇದು ಸಮಸ್ಯೆ. ಪ್ರಾಣೇಶಾಚಾರ್ಯರು ತಾಳೆಗರಿ ತಿರುವುತ್ತಾರೆ, ಮಾರುತಿಯನ್ನು ಕೇಳುತ್ತಾರೆ, ಉತ್ತರ ಸಿಗುವುದಿಲ್ಲ. ಈ ಬಿಕ್ಕಟ್ಟಿನ ಬಗ್ಗೆ ಕನ್ನಡ ವಿಮರ್ಶೆ ಬರೆದಿರುವ ಪುಟಗಳನ್ನು ಒಟ್ಟಿದರೆ ಒಂದು ಬಣವೆ ಆದೀತು. ಅದೇ ಕಾದಂಬರಿಯಲ್ಲಿ ಅಗ್ರಹಾರದ ಆಚೆಗೆ ಹೊಲೆಯರ ಗುಡಿಸಲುಗಳಿವೆ. ಅಲ್ಲೂ ಜನ ಸಾಯುತ್ತಾರೆ. ಜ್ವರ ಬಂದು ಸತ್ತವರನ್ನು ಗುಡಿಸಲಿನ ಸಮೇತ ಬೆಂಕಿ ಹಚ್ಚಿ ಸುಡುತ್ತಾರೆ. ಅಲ್ಲಿ ಸಂಸ್ಕಾರದ ಪ್ರಶ್ನೆಯೇ ಏಳುವುದಿಲ್ಲ. ಒಂದು ಬ್ರಾಹ್ಮಣ ಹೆಣಕ್ಕೆ ಒಂದು ಕಾದಂಬರಿ, ಹೊಲೆಯರ ಅಷ್ಟೂ ಹೆಣಗಳಿಗೆ ಕೆಲವು ಸಾಲು.

ಹೀಗೆಂದು ಅನಂತಮೂರ್ತಿಯವರನ್ನು ಹಳಿದು ಮುಂದೆ ಹೋಗುವುದು ಸುಲಭ. ನಮ್ಮಲ್ಲಿ ಕೆಲವರು ಹಾಗೇ ಮಾಡಿದ್ದಾರೆ. ಆದರೆ ಆ ಕೆಲವು ಸಾಲುಗಳನ್ನು ನಿಧಾನವಾಗಿ ಓದಬೇಕು. ಹೊಲೆಯರ ಹುಡುಗಿ ಬೆಳ್ಳಿ ಕತ್ತಲಲ್ಲಿ ಶ್ರೀಪತಿಯನ್ನು ಕೂಡುತ್ತಾಳೆ. ಆಮೇಲೆ ಏನೋ ಹೇಳತೊಡಗುತ್ತಾಳೆ. ಎಂದೂ ಇಲ್ಲದ್ದು, ಇಲಿಗಳು ತಮ್ಮ ಬಡಗುಡಿಸಲಿಗೆ ಬಂದು ಬೀಳುತ್ತಿವೆ, ಸುತ್ತಿ ಸುತ್ತಿ ಸಾಯುತ್ತಿವೆ ಎಂದು. ಶ್ರೀಪತಿಗೆ ಅದು ಬೇಡ. ಅವನಿಗೆ ಬೆಳ್ಳಿಯ ಮೈ ಬೇಕು, ಮಾತು ಬೇಡ. ಅವನು ಎದ್ದು ಹೋಗುತ್ತಾನೆ. ಇಲ್ಲಿ ಗಮನಿಸಬೇಕಾದ್ದು ಇದು. ಇಡೀ ಊರನ್ನು ತಿನ್ನಲಿರುವ ಪ್ಲೇಗಿನ ಸುದ್ದಿಯನ್ನು ಗುರುತಿಸಿ ಬಾಯಿಬಿಟ್ಟು ಹೇಳಿದವಳು ಒಬ್ಬ ಹೊಲತಿ. ಅಗ್ರಹಾರದ ಪಂಡಿತರು ನಾರಣಪ್ಪನ ಶಾಪ, ಗರುಡನ ಅಪಶಕುನ ಎಂದು ತಲೆಕೆಡಿಸಿಕೊಂಡಿರುವಾಗ ನಿಜ ಗೊತ್ತಿದ್ದದ್ದು ಅವಳಿಗೆ. ಅವಳ ಮಾತು ಒಬ್ಬ ಬ್ರಾಹ್ಮಣ ಹುಡುಗನ ಕಿವಿ ದಾಟಿದ್ದರೆ ಅಗ್ರಹಾರ ಬದುಕುತ್ತಿತ್ತು. ಕಾದಂಬರಿಕಾರ ಇದನ್ನು ಉದ್ದೇಶಪೂರ್ವಕವಾಗಿ ಇಟ್ಟರೋ, ಬರೆಯುತ್ತಾ ಬಂತೋ ನನಗೆ ಮುಖ್ಯವಲ್ಲ. ಅದು ಪುಸ್ತಕದಲ್ಲಿದೆ. ಅರ್ಧ ಶತಮಾನ ಪ್ರಾಣೇಶಾಚಾರ್ಯರ ದ್ವಂದ್ವವನ್ನೇ ಓದಿದ ನಮ್ಮ ವಿಮರ್ಶೆಯೂ ಶ್ರೀಪತಿಯಂತೆಯೇ ಬೆಳ್ಳಿಯ ಮಾತು ಕೇಳದೆ ಎದ್ದು ಹೋಯಿತು.

ಇನ್ನು ಸಿನಿಮಾ. ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯ, ಲಂಕೇಶರ ನಾರಣಪ್ಪ, ಸ್ನೇಹಲತಾ ರೆಡ್ಡಿಯವರ ಚಂದ್ರಿ. ಆಸ್ಟ್ರೇಲಿಯಾದ ಟಾಮ್ ಕೋವನ್ ಹಿಡಿದ ಕ್ಯಾಮೆರಾ. ಕಪ್ಪು-ಬಿಳುಪಿನ ಆ ಬಿಸಿಲು ಇವತ್ತಿಗೂ ಚುರುಕಾಗಿದೆ, ಅದನ್ನು ಒಪ್ಪಬೇಕು. ಆದರೆ ಚಿತ್ರದ ಭಾರವೆಲ್ಲ ಆಚಾರ್ಯರ ಮುಖದ ಮೇಲೆ. ನೋಡಿ ಎದ್ದ ಮೇಲೆ ನೆನಪಲ್ಲಿ ಉಳಿಯುವುದು ಅವರ ತೊಳಲಾಟ. ಇಲಿಯ ಸುದ್ದಿ ತಂದ ಹುಡುಗಿಯಲ್ಲ. ಮದ್ರಾಸಿನ ಸೆನ್ಸಾರ್ ಮಂಡಳಿ ಈ ಚಿತ್ರವನ್ನು ಮೊದಲು ತಡೆಯಿತು. ಬ್ರಾಹ್ಮಣರ ಮನಸ್ಸಿಗೆ ನೋವಾಗುತ್ತದೆ ಎಂಬ ಭಯ. ಆಮೇಲೆ ಬಿಡುಗಡೆಯಾಗಿ ರಾಷ್ಟ್ರದ ಅತ್ಯುತ್ತಮ ಚಿತ್ರವೂ ಆಯಿತು. ಹೊಲೆಯರ ಮನಸ್ಸಿಗೆ ಏನಾದೀತು ಎಂದು ತಡೆದವರೂ ಕೇಳಲಿಲ್ಲ, ಬಿಟ್ಟವರೂ ಕೇಳಲಿಲ್ಲ.

ಎರಡನೆಯ ಬೆಳ್ಳಿ ‘ಚೋಮನ ದುಡಿ’ಯವಳು. ಮೂರು ದಶಕಗಳ ಅಂತರದಲ್ಲಿ ಇಬ್ಬರು ಬ್ರಾಹ್ಮಣ ಲೇಖಕರು ತಮ್ಮ ಹೊಲತಿಗೆ ಒಂದೇ ಹೆಸರಿಟ್ಟಿದ್ದಾರೆ. ಕಾಕತಾಳೀಯ ಇದ್ದೀತು. ಕಾರಂತರ ಕಾದಂಬರಿ 1933ರದು, ಬಿ.ವಿ. ಕಾರಂತರ ಚಿತ್ರ 1975ರದು. ಕತೆ ಎಲ್ಲರಿಗೂ ಗೊತ್ತು. ಬೇಸಾಯ ಮಾಡಬೇಕೆಂಬ ಚೋಮನ ಆಸೆ, ಹೊಲೆಯನಿಗೆ ಭೂಮಿ ಕೊಡಬಾರದೆಂಬ ಊರಿನ ಕಟ್ಟು, ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗುವ ಮಕ್ಕಳು. ಒಬ್ಬ ಕ್ರೈಸ್ತನಾಗುತ್ತಾನೆ, ಒಬ್ಬ ರೋಗದಿಂದ ಸಾಯುತ್ತಾನೆ, ಇನ್ನೊಬ್ಬ ನೀರಲ್ಲಿ ಮುಳುಗುವಾಗ ದಡದಲ್ಲಿದ್ದವರು ಜಾತಿ ನೋಡಿ ಕೈ ಚಾಚುವುದಿಲ್ಲ. ಬೆಳ್ಳಿ ತೋಟಕ್ಕೆ ಹೋಗುತ್ತಾಳೆ, ತೋಟದ ಧಣಿಯ ಕೈಗೆ ಸಿಕ್ಕುತ್ತಾಳೆ, ಸಾಲ ಮನ್ನಾ ಆಯಿತೆಂದು ವಾಪಸು ಬರುತ್ತಾಳೆ.

ಈ ಚಿತ್ರವನ್ನು ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ಸಮುದಾಯ ಭವನದಲ್ಲಿ, ಹೊಗೆಸೊಪ್ಪಿನ ಕೆಲಸ ಮುಗಿದ ಮೇಲೆ, ಗೋಡೆಗೆ ಪಂಚೆ ಕಟ್ಟಿ ತೋರಿಸಿದೆವು. ಪಿರಿಯಾಪಟ್ಟಣಕ್ಕೆ ಕೊಡಗು ಪಕ್ಕದಲ್ಲೇ ಇದೆ. ಬೆಳಗಿನ ಜಾವ ಜೀಪು ಹತ್ತಿ ಕಾಫಿ ತೋಟಕ್ಕೆ ಹೋಗಿ ಕತ್ತಲಾದ ಮೇಲೆ ಇಳಿಯುವ ಹೆಂಗಸರು ನಮ್ಮ ಕೇರಿಗಳಲ್ಲಿ ಹೊಸಬರಲ್ಲ. ರೈಟರು, ಮೇಸ್ತ್ರಿ, ಮುಂಗಡ, ಲೆಕ್ಕ ಇವೆಲ್ಲ ಅವರಿಗೆ ಸಿನಿಮಾ ನೋಡಿ ಕಲಿಯಬೇಕಾದ್ದಲ್ಲ. ಬೆಳ್ಳಿಯನ್ನು ಚೋಮ ಹೊಡೆದು ಮನೆಯಿಂದ ಆಚೆಗೆ ಹಾಕುವ ಜಾಗಕ್ಕೆ ಬಂದಾಗ ನಾವು ಓದಿದ ಹುಡುಗರು ಉಸಿರು ಬಿಗಿಹಿಡಿದು ಕೂತಿದ್ದೆವು. ಹಿಂದಿನಿಂದ ಒಬ್ಬ ದೊಡ್ಡವ್ವ ಗಟ್ಟಿಯಾಗೇ ಅಂದಳು: “ಅವ್ಳೇನು ತಪ್ಪು ಮಾಡುದ್ಲಪ್ಪ? ಸಾಲ ತೀರ್ಸುದ್ಲು. ಅಪ್ಪ ಅನ್ನುಸ್ಕಂಡೋನು ದುಡಿ ಬಡ್ಕಂಡು ಕುಂತಿದ್ದ.” ಪಕ್ಕದವಳು ಬಿಡಲಿಲ್ಲ: “ಎತ್ತ ಕಾಡ್ಗೆ ಅಟ್ಟುದ್ನಲ್ಲ, ಮೊದ್ಲೇ ಮಾರಿದ್ರೆ ಮಕ್ಳು ಉಳೀತಿದ್ವು ಕಣಕ್ಕ.” ನಗು ಎದ್ದಿತು. ದುರಂತ ಎಂದು ನಾವು ಪಾಠ ಕೇಳಿದ್ದ ಜಾಗದಲ್ಲಿ ಅವರು ನಕ್ಕರು.

ಆ ನಗುವನ್ನು ನಾನು ತುಂಬ ದಿನ ಯೋಚಿಸಿದ್ದೇನೆ. ಎತ್ತು ಮಾರುವ ಮಾತಿಗೆ ಚೋಮನ ಪರವಾಗಿ ಉತ್ತರವಿದೆ. ಎತ್ತುಗಳು ಅವನ ಪಾಲಿಗೆ ಬರೀ ಆಸ್ತಿಯಲ್ಲ, ತಾನೂ ಒಬ್ಬ ರೈತ ಎಂಬ ಹಕ್ಕುಪತ್ರ. ಅದನ್ನು ಮಾರಿದರೆ ಅವನು ಮತ್ತೆ ಬರೀ ಜೀತದಾಳು. ಹಟ ಅನ್ನಬಹುದು, ಆದರೆ ಮಾನವಂತನ ಹಟ. ದೊಡ್ಡವ್ವನ ಮೊದಲ ಮಾತಿಗೆ ಮಾತ್ರ ಕಾದಂಬರಿಯಲ್ಲೂ ಉತ್ತರವಿಲ್ಲ, ಚಿತ್ರದಲ್ಲೂ ಇಲ್ಲ. ಚೋಮನ ಮಾನಕ್ಕೆ ಎತ್ತು, ನೇಗಿಲು, ದುಡಿ ಮೂರು ಕೊಟ್ಟ ಲೇಖಕರು ಬೆಳ್ಳಿಗೆ ಏನು ಕೊಟ್ಟರು? ಮನೆಯ ಸಾಲ ಇಳಿದದ್ದು ಅವಳ ಮೈಮೇಲೆ. ಮನೆಯ ಮಾನ ಹೋದದ್ದೂ ಅವಳ ಮೈಯಿಂದಲೇ ಎಂದಾಯಿತು. ಮೇಲ್ಜಾತಿಯ ಮಾನದ ಕಲ್ಪನೆಯನ್ನೇ ತಂದು ಹೊಲೆಯನ ಗುಡಿಸಲಲ್ಲಿ ಇಟ್ಟ ಹಾಗೆ. ನಮ್ಮ ಕೇರಿಗಳಲ್ಲಿ ಅಪ್ಪಂದಿರು ಹೊಡೆಯುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಹೊಡೆದದ್ದನ್ನು ದುರಂತನಾಯಕನ ಎತ್ತರಕ್ಕೆ ಏರಿಸಲು ಬೆಳ್ಳಿಯನ್ನು ಮೆಟ್ಟಿಲು ಮಾಡಿದ್ದು ಸರಿಯಲ್ಲ ಎನ್ನುತ್ತಿದ್ದೇನೆ.

ಒಂದು ಕಡೆ ಮಾತ್ರ ಸಿನಿಮಾ ಪುಸ್ತಕವನ್ನು ಮೀರಿದೆ. ಕಾದಂಬರಿಯಲ್ಲಿ ಚೋಮನಿಗಿಂತ ಚೋಮನ ಬಗ್ಗೆ ಮಾತಾಡುವ ದನಿಯೇ ಹೆಚ್ಚು. ಅದು ಮರುಗುತ್ತದೆ, ವಿವರಿಸುತ್ತದೆ, ನಮಗೆ ತಿಳಿಹೇಳುತ್ತದೆ. ಸಿನಿಮಾದಲ್ಲಿ ಆ ದನಿ ಇಲ್ಲ. ಅದು ಹೋದ ಜಾಗದಲ್ಲಿ ದುಡಿ ಇದೆ. ಬಿ.ವಿ. ಕಾರಂತರು ರಂಗಭೂಮಿಯಿಂದ ಬಂದವರು, ಸಂಗೀತ ಬಲ್ಲವರು. ಸಂಕಟವನ್ನು ಶಬ್ದಕ್ಕೆ ಬಿಟ್ಟು ತಾವು ಪಕ್ಕಕ್ಕೆ ಸರಿದು ನಿಲ್ಲುವುದು ಅವರಿಗೆ ಗೊತ್ತಿತ್ತು. ಎಂ.ವಿ. ವಾಸುದೇವರಾಯರ ಬೆನ್ನು, ಮೊಣಕೈ, ಬಾಯಿಬಿಡದ ಆ ಮುಖ ದೊಡ್ಡ ನಟನೆ. ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ಆದರೆ ತುಳುನಾಡಿನ ಚೋಮ ಪುಸ್ತಕದಲ್ಲೂ ತೆರೆಯಲ್ಲೂ ಕನ್ನಡ ಆಡುತ್ತಾನೆ. ಅವನದೇ ಅನ್ನಿಸುವ ಭಾಷೆ ಕೊನೆಗೆ ಉಳಿದದ್ದು ಚರ್ಮವಾದ್ಯ ಒಂದೇ.

ಈ ಚಿತ್ರ ಬಂದ ಕಾಲವನ್ನೂ ಮರೆಯುವಂತಿಲ್ಲ. ನಮ್ಮ ಪಕ್ಕದ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿ. 1973ರಲ್ಲಿ ಅವರ ಸಂಪುಟದ ಬಸವಲಿಂಗಪ್ಪನವರು ಮೈಸೂರಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದದ್ದಕ್ಕೆ ಗಲಾಟೆಯೆದ್ದು ಅವರು ಮಂತ್ರಿಪದವಿ ಬಿಡಬೇಕಾಯಿತು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂತು. ಉಳುವವನೇ ಒಡೆಯ ಎಂಬ ಮಾತು ಊರೂರಲ್ಲಿ ಕೇಳಿತು. ಮರುವರ್ಷ ಚೋಮ ತೆರೆಗೆ ಬಂದ. ನೋಡಿದವರಿಗೆ, ಪಾಪ, ಇವನು ನಲವತ್ತು ವರ್ಷ ಮುಂಚೆ ಹುಟ್ಟಿಬಿಟ್ಟ, ಈಗ ಇದ್ದಿದ್ದರೆ ಭೂಮಿ ಸಿಗುತ್ತಿತ್ತು ಅನ್ನಿಸಿರಬಹುದು. ಸಿಗುತ್ತಿರಲಿಲ್ಲ. ಫಾರಂ ನಂಬರ್ 7 ತುಂಬಿ ಕೊಡಬೇಕಾದವನು ಗೇಣಿದಾರ. ಚೋಮ ಗೇಣಿದಾರನಲ್ಲ. ಗೇಣಿಗೆ ಭೂಮಿ ಕೊಡಿ ಎಂದು ಬೇಡಿದ್ದೇ ಅವನ ಕತೆ. ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ ನಮ್ಮ ಬಹುಪಾಲು ಜನಕ್ಕೆ ಆ ಕಾಯ್ದೆಯ ಬಾಗಿಲು ಹೀಗೇ ಮುಚ್ಚಿತ್ತು. ಉಳುಮೆ ಮಾಡಿದ್ದವರು ಅವರೇ, ಕಾಗದದಲ್ಲಿ ಗೇಣಿದಾರರು ಮಾತ್ರ ಇನ್ನೊಬ್ಬರು. ಅರಸು ಅವರ ಕೆಲಸ ದೊಡ್ಡದು, ಅನುಮಾನವಿಲ್ಲ. ಜೀತ ಅಪರಾಧವಾದದ್ದೂ, ನಮಗೆ ಮಂಜೂರಾದ ಭೂಮಿ ಪರರ ಪಾಲಾಗದಂತೆ 1978ರಲ್ಲಿ ಕಾಯ್ದೆಯಾದದ್ದೂ ಅದೇ ಕಾಲದಲ್ಲಿ. ಆದರೆ ಚೋಮನ ಪ್ರಶ್ನೆ 1933ರಿಂದ 1975ಕ್ಕೆ ಬರುವಷ್ಟರಲ್ಲಿ ಹಳೆಯದಾಗಿರಲಿಲ್ಲ. ಚಿತ್ರ ಅದನ್ನು ಆಗಿಹೋದ ಕತೆಯ ಹಾಗೆ ತೋರಿಸಿ, ಬಾಗಿಲು ಹಾಕಿಸಿ, ದುಡಿ ಬಾರಿಸಿಸಿ ಸಾಯಿಸಿತು. ಸತ್ತ ಹೊಲೆಯನಿಗೆ ಮರುಗುವುದು ಎಲ್ಲರಿಗೂ ಸುಲಭ.

‘ಕಾಡು’ ನಮ್ಮ ಸೀಮೆಯ ಪುಸ್ತಕ. ಶ್ರೀಕೃಷ್ಣ ಆಲನಹಳ್ಳಿ ಹೆಗ್ಗಡದೇವನಕೋಟೆ ಕಡೆಯವರು. ಅವರ ಮಾತಿನ ಧಾಟಿ ನಮ್ಮ ಕಿವಿಗೆ ಪರಕೀಯವಲ್ಲ. ಗಿರೀಶ ಕಾರ್ನಾಡರ 1973ರ ಚಿತ್ರದಲ್ಲಿ ಅಮರೀಶ್ ಪುರಿಯ ಗೌಡ, ನಂದಿನಿ ಭಕ್ತವತ್ಸಲ ಅವರ ಕಮಲಿ, ಇವರ ನಡುವೆ ಸುಮ್ಮನೆ ನೋಡುತ್ತ ಬೆಳೆಯುವ ಹುಡುಗ ಕಿಟ್ಟಿ. ಕಮಲಿಯ ಪಾತ್ರಕ್ಕೆ ನಂದಿನಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಗೌಡಿಕೆಯ ಮನೆಯೊಳಗಿನ ಹಿಂಸೆಯನ್ನು ಇಷ್ಟು ಹತ್ತಿರದಿಂದ ಕಂಡದ್ದು ಕಡಿಮೆ. ನನ್ನ ತಕರಾರು ಒಂದೇ. ಪುಸ್ತಕದಲ್ಲೂ ಚಿತ್ರದಲ್ಲೂ ಕಾಡು ಎಂದರೆ ಕಿಟ್ಟಿಯ ಭಯ, ಕಿಟ್ಟಿಯ ಬೆರಗು. ಕಾಡನ್ನೇ ಮನೆ ಮಾಡಿಕೊಂಡ ಜೇನುಕುರುಬರ, ಕಾಡುಕುರುಬರ, ಯರವರ ಕಣ್ಣಿಗೆ ಅದು ಹೇಗೆ ಕಂಡೀತು ಎಂಬುದು ಈ ಕತೆಯ ನಡುಮನೆಗೆ ಬರುವುದಿಲ್ಲ. ನಾಗರಹೊಳೆಯಿಂದ ಹೊರಗೆ ಹಾಕಿಸಿಕೊಂಡು ಹಾಡಿಗಳಲ್ಲಿ ಇವತ್ತೂ ಹಕ್ಕುಪತ್ರಕ್ಕೆ ಕಾಯುತ್ತಿರುವವರಿಗೆ ಕಾಡು ರೂಪಕವಲ್ಲ. ಆಲನಹಳ್ಳಿಯವರದೇ ‘ಪರಸಂಗದ ಗೆಂಡೆತಿಮ್ಮ’ 1978ರಲ್ಲಿ ಚಿತ್ರವಾಗಿ, ರಾಜನ್-ನಾಗೇಂದ್ರರ ಹಾಡುಗಳಿಂದ ಮನೆಮಾತಾಯಿತು. ಲೋಕೇಶ್ ಚೆನ್ನಾಗಿದ್ದಾರೆ. ಕಾದಂಬರಿಯ ಕಹಿ ಆ ಹಾಡುಗಳ ಬೆಲ್ಲದಲ್ಲಿ ಕರಗಿತು. ಇರ್ಲಿ, ಅದಕ್ಕೆ ಬೇರೆ ಲೇಖನವೇ ಬೇಕು.

ಈ ಸಾಲಿನ ಪಕ್ಕದಲ್ಲಿ ದೇವನೂರ ಮಹಾದೇವರ ‘ಒಡಲಾಳ’ವನ್ನು ಇಟ್ಟು ನೋಡಿ. ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾಳೆ. ಮನೆಗೆ ಕದ್ದ ಕಡಲೆಕಾಯಿ ಬರುತ್ತದೆ. ಮನೆಮಂದಿಯೆಲ್ಲ ಒಲೆ ಸುತ್ತ ಕೂತು ರಾತ್ರಿಯೆಲ್ಲ ತಿನ್ನುತ್ತಾರೆ, ಸಿಪ್ಪೆ ಬೆಂಕಿಗೆ ಹಾಕುತ್ತಾರೆ. ಬೆಳಗಾದರೆ ಪೊಲೀಸರು. ಹಸಿವಿನ ಕತೆಯೇ ಇದು, ಆದರೆ ಇಲ್ಲಿ ಯಾರೂ ನಮಗಾಗಿ ಮರುಗುತ್ತಾ ಕೂತಿಲ್ಲ. ತಿನ್ನುವ ಸುಖವಿದೆ, ಜಗಳವಿದೆ, ಗೋಡೆಯ ಮೇಲೆ ಪುಟ್ಟಗೌರಿ ಬಿಡಿಸುವ ನವಿಲಿದೆ. ಸಮುದಾಯ ಭವನದಲ್ಲಿ ಎದ್ದ ಆ ನಗು ಈ ಪುಸ್ತಕದಲ್ಲಿ ಮೊದಲೇ ಇತ್ತು. ‘ಚೋಮನ ದುಡಿ’ಯ ಗುಡಿಸಲಲ್ಲಿ ಜನ ಉಣ್ಣುವಾಗ ನಮಗೆ ಅಳು ಬರಬೇಕು. ಸಾಕವ್ವನ ಗುಡಿಸಲಲ್ಲಿ ಉಣ್ಣುವಾಗ ನಮ್ಮ ಬಾಯಲ್ಲೂ ನೀರೂರುತ್ತದೆ.

‘ಒಡಲಾಳ’ ರಂಗಕ್ಕೆ ಬಂತು, ಉಮಾಶ್ರೀಯವರ ಸಾಕವ್ವನನ್ನು ಕಂಡವರು ಮರೆತಿಲ್ಲ. ಕ್ಯಾಮೆರಾ ಈ ಕಡೆ ತಿರುಗುವುದು ಮಾತ್ರ ಕಷ್ಟವೇ ಆಗಿದೆ. ಭಾಷೆ ತೊಡಕು ಎನ್ನುತ್ತಾರೆ. ‘ಕುಸುಮಬಾಲೆ’ಯಲ್ಲಂತೂ ದೀಪದ ಜೋತಮ್ಮಂದಿರು ಕೂತು ಮಾತಾಡುತ್ತವೆ, ಮಂಚ ಕತೆ ಹೇಳುತ್ತದೆ. ಕಂಡದ್ದನ್ನು ಕಂಡಂತೆ ಹಿಡಿಯುವ ಹೊಸ ಅಲೆಯ ವಾಸ್ತವತೆಗೆ ಇದು ಒಗ್ಗುವುದಿಲ್ಲ. ಆದರೆ ತೊಡಕು ಯಾರಿಗೆ? ನಂಜನಗೂಡಿನ ಹಳ್ಳಿಯ ಮಾತು ನಮ್ಮ ಕೇರಿಯಲ್ಲಿ ಯಾರಿಗೂ ತೊಡಕಾಗಿಲ್ಲ. ಮಂಚ ಮಾತಾಡುವುದೂ ನಮ್ಮ ಅಜ್ಜಿಯರು ಹೇಳಿದ ಕತೆಗಳನ್ನು ಕೇಳಿದವರಿಗೆ ಹೊಸತಲ್ಲ. ಮರಾಠಿಯ ನಾಗರಾಜ ಮಂಜುಳೆ 2013ರ ‘ಫ್ಯಾಂಡ್ರಿ’ಯಲ್ಲಿ ತಮ್ಮ ಕೇರಿಯ ಹುಡುಗನನ್ನೇ ನಿಲ್ಲಿಸಿದರು. ಹಂದಿ ಹಿಡಿಯುವ ಮನೆಯ ಜಬ್ಯಾ ಕೊನೆಗೆ ಎಸೆಯುವ ಕಲ್ಲು ನೇರವಾಗಿ ಕ್ಯಾಮೆರಾಕ್ಕೆ, ಅಂದರೆ ನೋಡುವವರ ಮುಖಕ್ಕೆ ಬರುತ್ತದೆ. ಚೋಮ ಬಾಗಿಲು ಹಾಕಿಕೊಂಡ. ಜಬ್ಯಾ ಬಯಲಲ್ಲಿ ನಿಂತಿದ್ದ.

ಸಿನಿಮಾ ಮುಗಿದ ಮೇಲೆ ಸಮುದಾಯ ಭವನದಲ್ಲಿ ಆ ದೊಡ್ಡವ್ವನನ್ನು ಕೇಳಿದೆ: ಬೆಳ್ಳಿ ಕತೆಯನ್ನ ನೀನೇ ಹೇಳೋದಾದ್ರೆ ಎಲ್ಲಿಂದ ಶುರು ಮಾಡ್ತಿದ್ದೆ ದೊಡ್ಡವ್ವ? “ತೋಟದಿಂದ ಕಪ್ಪಾ,” ಅಂದಳು, “ಇನ್ನೆಲ್ಲಿಂದ? ಅವ್ಳು ಜೀಪು ಹತ್ತೋ ಜಾಗದಿಂದ.” ಬೆಳ್ಳಿಯ ಕಾಲದಲ್ಲಿ ಜೀಪು ಇರಲಿಲ್ಲ ಎಂದು ಯಾರೋ ಹುಡುಗ ಅಂದ. ಅವಳು ಅವನ ಕಡೆ ತಿರುಗಿಯೂ ನೋಡದೆ, ಆ ರೈಟರು ಲೆಕ್ಕ ಹೇಗೆ ಬರೆಯುತ್ತಿದ್ದ, ಎಷ್ಟು ಮುರಿದುಕೊಳ್ಳುತ್ತಿದ್ದ ಎಂದು ಹೇಳತೊಡಗಿದಳು. ಅದನ್ನು ಬರೆದುಕೊಂಡಿದ್ದೇವೆ.